ಅಣ್ಣನ ಲಿವರ್, ಅತ್ತಿಗೆಯ ಹಯಗ್ರೀವ

ನನ್ನ ಅಣ್ಣ ತ್ರಿವಿಕ್ರಮ ತನ್ನ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನನಗೆ ಕೊಡುತ್ತೇನೆಂದು ಘೋಷಿಸಿದ್ದು ಹೆಬ್ಬಾಳದ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ, ಎಂಟು ಮಂದಿಯ ಎದುರು, ಎಡ ಎದೆಯ ಮೇಲೆ ಕೈಯಿಟ್ಟುಕೊಂಡು. ಲಿವರ್ ಇರುವುದು ಅಲ್ಲಲ್ಲ, ಬಲಗಡೆ ಪಕ್ಕೆಲುಬಿನ ಕೆಳಗೆ ಎಂದು ತಿದ್ದುವ ಸಂದರ್ಭ ಅದಾಗಿರಲಿಲ್ಲ. ನನ್ನ ಹೆಂಡತಿ ವಂದನಾ ಅಳುತ್ತಿದ್ದಳು. ನಮ್ಮ ಸೋದರತ್ತೆ "ಇಂಥ ಅಣ್ಣ ಈ ಕಾಲದಲ್ಲಿ ಸಿಗೋದುಂಟಾ?" ಅಂದರು. ಸಿಗುವುದಿಲ್ಲ ಎಂಬುದನ್ನು ಅಣ್ಣ ತಲೆ ಬಾಗಿಸಿ ಒಪ್ಪಿಕೊಂಡ. ಅತ್ತಿಗೆ ಕೌಸಲ್ಯಾ ಮಾತ್ರ ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಗಮನವಿಟ್ಟು ಓದುತ್ತಿದ್ದರು.

ನಾನು ಆರ್.ಟಿ. ನಗರದ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಹೆಸರು ಪ್ರದ್ಯುಮ್ನ, ವಯಸ್ಸು ನಲವತ್ತಮೂರು. ನನ್ನನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನನ್ನ ಲಿವರನ್ನು ಶತ್ರುವೆಂದು ತಪ್ಪು ತಿಳಿದು ಹತ್ತು ವರ್ಷದಿಂದ ಕೆರೆದು ಕೆರೆದು ಒಣಗಿದ ಸ್ಪಂಜಿನಂತೆ ಮಾಡಿಟ್ಟಿದೆ. ಇದನ್ನು ನಾನು ನೆಂಟರಿಗೆಲ್ಲ ವಿವರವಾಗಿ ಹೇಳಿದ್ದೇನೆ. ಅವರೂ ಗಮನವಿಟ್ಟು ಕೇಳಿದ್ದಾರೆ. ಕೇಳಿ, ಆಚೆ ಹೋಗಿ, "ಪಾಪ, ಮೇಷ್ಟ್ರು ಕುಡೀತಿದ್ರೂಂತ ಗೊತ್ತೇ ಇರ್ಲಿಲ್ಲ" ಎಂದಿದ್ದಾರೆ. ಆರು ತಿಂಗಳೊಳಗೆ ಬೇರೆ ಲಿವರ್ ಸಿಗದಿದ್ದರೆ ಕಷ್ಟ ಎಂದು ಸರ್ಜನ್ ಹೇಳಿದ್ದರು. ಕಷ್ಟ ಎಂಬ ಪದವನ್ನು ವೈದ್ಯರು ಯಾವ ಅರ್ಥದಲ್ಲಿ ಬಳಸುತ್ತಾರೆಂದು ನನಗೆ ಗೊತ್ತು.

ಅಣ್ಣನ ರಕ್ತದ ಗುಂಪು ಹೊಂದಿತು. ರಕ್ತನಾಳಗಳ ನಕ್ಷೆ ಹೊಂದಿತು. ಹೊಂದದೇ ಇದ್ದದ್ದು ಒಂದೇ. ಅವನ ಲಿವರಿನಲ್ಲಿ ಶೇಕಡ ಹದಿನೆಂಟು ಕೊಬ್ಬಿತ್ತು. ಹತ್ತಕ್ಕಿಂತ ಕೆಳಗಿಳಿಯದೆ ಕತ್ತರಿ ಹಿಡಿಯುವುದಿಲ್ಲ ಎಂದರು ಸರ್ಜನ್. ಆರು ವಾರದಲ್ಲಿ ಮತ್ತೆ ಸ್ಕ್ಯಾನ್.

ಹೀಗೆ ನನ್ನ ಆಯುಸ್ಸು ಅಣ್ಣನ ತಟ್ಟೆಗೆ ಬಂದು ಕೂತಿತು.

ಆಸ್ಪತ್ರೆಯ ಡಯಟೀಶಿಯನ್ ಬದರುನ್ನೀಸಾ ಮೂವತ್ತರ ಆಸುಪಾಸಿನ, ತಲೆವಸ್ತ್ರ ಕಟ್ಟಿದ, ಬೇಗ ಬೇಗ ಬರೆಯುವ ಹೆಣ್ಣುಮಗಳು. "ದಿನಕ್ಕೆ ಖರ್ಚಾಗೋದಕ್ಕಿಂತ ಐನೂರು ಕ್ಯಾಲೊರಿ ಕಡಿಮೆ ತಿನ್ಬೇಕು ಸರ್. ಪ್ರೋಟೀನ್ ತೊಂಬತ್ತು ಗ್ರಾಂ. ಎಗ್ ವೈಟ್ ತಗೋತೀ..." ಎನ್ನುತ್ತಾ ತಲೆಯೆತ್ತಿದವರು ಅಣ್ಣನ ಕೆನ್ನೆಯ ಗೋಪಿಚಂದನ ಮುದ್ರೆ ಕಂಡು ಪೆನ್ನು ನಿಲ್ಲಿಸಿದರು. "ಬಿಡಿ. ಹಾಲು, ಮೊಸರು, ಬೇಳೆಯಲ್ಲೇ ಮಾಡೋಣ."

"ಮೊಸರು ಈ ತಿಂಗಳು ಆಗಲ್ಲ," ಅಂದರು ಅತ್ತಿಗೆ. "ಚಾತುರ್ಮಾಸ್ಯ. ಈಗ ದಧಿ ವ್ರತ. ಮುಂದಿನ ತಿಂಗಳು ಮೊಸರು ಆಗುತ್ತೆ, ಹಾಲು ಆಗಲ್ಲ. ಅದರ ಮುಂದಿನ ತಿಂಗಳು ಎರಡೂ ಆಗುತ್ತೆ, ಬೇಳೆ ಆಗಲ್ಲ."

ಬದರುನ್ನೀಸಾ ಮೂರು ಗೆರೆ ಎಳೆದು ಮೂರು ತಿಂಗಳ ಕೋಷ್ಟಕ ಮಾಡಿದರು. "ನಮ್ಮ ರಂಜಾನ್ ಚಾರ್ಟಿಗಿಂತ ಸುಲಭಾನೇ ಇದೆ ಮೇಡಂ," ಎಂದು ನಕ್ಕರು.

"ಇಷ್ಟೆಲ್ಲ ಯಾಕೆ? ಏಕಾದಶಿ ನಿರ್ಜಲ ಮಾಡೋನು ನಾನು. ಹದಿನೈದು ದಿನ ನೀರು ಕುಡ್ಕೊಂಡು ಇರ್ತೀನಿ, ಕೊಬ್ಬು ತಾನೇ ಕರಗುತ್ತೆ," ಅಂದ ಅಣ್ಣ.

"ಬೇಡ ಸರ್. ಪೂರ್ತಿ ಉಪವಾಸ ಬಿದ್ರೆ ದೇಹ ಕೊಬ್ಬಿನ ಜೊತೆ ಮಾಂಸಖಂಡಾನೂ ಸುಡುತ್ತೆ. ಚಳಿ ಅಂತ ಮನೆ ಬಾಗಿಲನ್ನೇ ಕಿತ್ತು ಬೆಂಕಿಗೆ ಹಾಕಿದ ಹಾಗೆ. ಆಪರೇಷನ್ ಆದ ಮಾರನೇ ದಿನ ನೀವು ಎದ್ದು ಕೂರ್ಬೇಕು, ಕೆಮ್ಮಬೇಕು, ನಡೀಬೇಕು. ಅದಕ್ಕೆ ಮಾಂಸಖಂಡ ಬೇಕು. ಕೊಬ್ಬು ಮಾತ್ರ ಹೋಗ್ಬೇಕು, ಮಾಂಸ ಉಳೀಬೇಕು. ಕಡಿಮೆ ತಿನ್ನಿ, ಪ್ರೋಟೀನ್ ಬಿಡಬೇಡಿ, ವಾರಕ್ಕೆ ಮೂರು ದಿನ ಭಾರ ಎತ್ತಿ."

ಅಣ್ಣ ಒಪ್ಪಿದ. ಬರೇ ಒಪ್ಪಲಿಲ್ಲ, ಯೋಜನೆಯನ್ನು ವಶಪಡಿಸಿಕೊಂಡ. ಅವನದು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸ. ಇಪ್ಪತ್ತಾರು ವರ್ಷದಿಂದ ಏಸಿ ಕೋಣೆಯಲ್ಲಿ ಕೂತು, ಬೇರೆಯವರ ಮೈಕ್ರೋಮೀಟರುಗಳು ಎಷ್ಟು ಸುಳ್ಳು ಹೇಳುತ್ತವೆ ಎಂದು ಕಂಡುಹಿಡಿದು ಅವುಗಳಿಗೆ ಚೀಟಿ ಅಂಟಿಸುತ್ತಾನೆ. ಅಡುಗೆಮನೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದ. ಅದನ್ನು ನಂಬದೆ ಕಾರ್ಖಾನೆಗೆ ಒಯ್ದು ಪರೀಕ್ಷಿಸಿ, ಮುಂದಿನ ಪರೀಕ್ಷೆಯ ದಿನಾಂಕ ಬರೆದ ಹಸಿರು ಚೀಟಿ ಅಂಟಿಸಿ ಮರಳಿ ತಂದ. ವಂದನಾ ಮೊಬೈಲಿನಲ್ಲಿ ಕ್ಯಾಲೊರಿಯ ಆ್ಯಪ್ ಒಂದನ್ನು ತೋರಿಸಿದಾಗ, "ಇದರಲ್ಲಿ ಇಡ್ಲಿ ನಲವತ್ತು ಗ್ರಾಂ ಅಂತಿದೆ. ಯಾವ ಇಡ್ಲಿ? ಯಾರ ಮನೆ ಇಡ್ಲಿ?" ಎಂದು ಫೋನನ್ನು ವಾಪಸು ಕೊಟ್ಟ. ಚೌಕದ ಗೆರೆಗಳ ನೋಟ್‌ಬುಕ್ಕಿನಲ್ಲಿ ದಿನಾಂಕ, ಪದಾರ್ಥ, ಗ್ರಾಂ, ಕ್ಯಾಲೊರಿ, ಪ್ರೋಟೀನ್ ಎಂದು ಐದು ಕಾಲಂ ಎಳೆದ. ಅನ್ನ ನೂರ ಹತ್ತು ಗ್ರಾಂ ಎಂದರೆ ನೂರ ಹತ್ತೇ. ನೂರ ಹದಿಮೂರು ಬಂದರೆ ಮೂರು ಗ್ರಾಂ ಅನ್ನವನ್ನು ಚಮಚದಲ್ಲಿ ತೆಗೆದು ಕಾಗೆಗೆ ಇಡುತ್ತಿದ್ದ. ಅಟ್ಟೂರಿನ ಕಾಗೆಗಳು ಆ ತಿಂಗಳು ಬಹಳ ನಿಖರವಾಗಿ ಉಂಡವು.

ಅಟ್ಟೂರಿನ ಬಡಾವಣೆಯಲ್ಲಿರುವ ನಮ್ಮ ಮನೆಯಲ್ಲಿ ಕೆಳಗೆ ಅಣ್ಣ ಅತ್ತಿಗೆ, ಮೇಲೆ ನಾವು. ನಾನು ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದುದರಿಂದ ನನಗೆ ಬೇರೆ ಕೆಲಸವಿರಲಿಲ್ಲ. ಅಣ್ಣ ಏನು ತಿನ್ನುತ್ತಾನೆಂದು ನೋಡುವುದೇ ಕೆಲಸ. ಜಗತ್ತಿನಲ್ಲಿ ಯಾವ ತಮ್ಮನೂ ಅಣ್ಣನ ತುತ್ತುಗಳನ್ನು ಇಷ್ಟು ಶ್ರದ್ಧೆಯಿಂದ ಎಣಿಸಿರಲಾರ. ಅವನು ಎರಡನೆಯ ಸಲ ಸಾರು ಬಡಿಸಿಕೊಂಡರೆ ನಾನು ಕತ್ತು ಚಾಚಿ ಸೌಟಿನ ಅಳತೆ ನೋಡುತ್ತಿದ್ದೆ. ತಿನ್ನಬೇಕಾದ ನನಗೋ ಊಟ ಕಂಡರೆ ವಾಕರಿಕೆ. ತಿನ್ನಬಾರದ ಅವನಿಗೆ ಸದಾ ಹಸಿವು.

ಭಾರ ಎತ್ತುವುದಕ್ಕೆ ಜಿಮ್ಮಿಗೆ ಹೋಗಲು ಅವನಿಗೆ ಸಂಕೋಚ. ಅಲ್ಲಿ ಹುಡುಗರು ಕನ್ನಡಿ ಮುಂದೆ ಬನಿಯನ್ ಎತ್ತಿ ನಿಲ್ಲುತ್ತಾರಂತೆ. ಆದ್ದರಿಂದ ಕಚ್ಚೆಪಂಚೆಯಲ್ಲೇ ಮನೆಯ ತಾರಸಿಗೆ ಹೋಗಿ, ಹತ್ತು ಕೆಜಿ ಸೋನಾ ಮಸೂರಿ ಚೀಲವನ್ನು ಎದೆಗೆ ಅವಚಿಕೊಂಡು ಕೂತು ಏಳುತ್ತಿದ್ದ. ಒಂದು ಕಾಲಕ್ಕೆ ಈ ಬಡಾವಣೆಯೆಲ್ಲ ಯಾರ ರಾಗಿ ಹೊಲವಾಗಿತ್ತೋ ಆ ಎದುರು ಮನೆಯ ಸೊಣ್ಣಮ್ಮ, ತಮ್ಮ ಹಸುವಿಗೆ ಹುಲ್ಲು ಹಾಕುತ್ತಾ ಇದನ್ನು ಮೂರು ದಿನ ನೋಡಿ ನಾಲ್ಕನೆಯ ದಿನ ಕೂಗಿ ಕೇಳಿಯೇಬಿಟ್ಟರು:

"ಏನ್ ಸ್ವಾಮಿ, ಅಕ್ಕಿ ಮೂಟೆ ತಬ್ಕಂಡು ಬಸ್ಕಿ ಒಡೀತಿದ್ದೀರಾ? ಅರಕೆನಾ?"

"ಹರಕೆ ಅಲ್ಲಮ್ಮ. ಮಾಂಸ ಉಳಿಸ್ಕೋಬೇಕು ಅಂತ ಡಾಕ್ಟ್ರು ಹೇಳಿದಾರೆ."

"ಮಾಂಸನಾ! ನೀವಾ!" ಎಂದು ಸೊಣ್ಣಮ್ಮ ಹುಲ್ಲನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು.

ಅತ್ತಿಗೆಯೂ ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಬಡಾವಣೆಯ ರಾಯರ ಮಠದಲ್ಲಿ ಮಂಡಲ ಸೇವೆ ಹಿಡಿದರು. ನಲವತ್ತೆಂಟು ದಿನ, ದಿನವೂ ಬೆಳಗ್ಗೆ ಒದ್ದೆಸೀರೆಯಲ್ಲಿ ಹೆಜ್ಜೆ ನಮಸ್ಕಾರ. ನಮ್ಮ ಅತ್ತಿಗೆಗೆ ಮಂಡಿ ನೋವಿದೆ. ಹೆಜ್ಜೆಗೊಂದು ಸಲ ನೆಲಕ್ಕೆ ಬಾಗಿ, ಗೋಡೆ ಹಿಡಿದು ಏಳುತ್ತಾರೆಂದು ಕೇಳಿ ವಂದನಾ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಅತ್ತಿಗೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ವಿನಯ ಎಂದುಕೊಂಡೆವು. ಏಳೂಮುಕ್ಕಾಲಿಗೆ ಅವರು ಮಠದಿಂದ ಒಂದು ದೊನ್ನೆ ಪ್ರಸಾದ ತರುತ್ತಿದ್ದರು, ಹೆಚ್ಚಿನ ದಿನ ಹಯಗ್ರೀವ. ನನಗೆ ಒಂದು ಚಮಚ, ವಂದನಾಗೆ ಒಂದು ಚಮಚ. ಉಳಿದದ್ದನ್ನು ಅಣ್ಣ ಪೂರ್ವಕ್ಕೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿ, ಒಂದು ಅಗುಳೂ ಕೆಳಗೆ ಬೀಳದಂತೆ ತಿಂದು, ಆಮೇಲೆ ತಕ್ಕಡಿಯ ಮುಂದೆ ಕೂತು ಅರವತ್ತು ಗ್ರಾಂ ಅವಲಕ್ಕಿ ತೂಗಿ ತಿಂಡಿಯ ಲೆಕ್ಕ ಶುರುಮಾಡುತ್ತಿದ್ದ.

ಇದನ್ನು ನಾನು ದಿನವೂ ಮೆಟ್ಟಿಲ ಮೇಲೆ ನಿಂತು ನೋಡಿದ್ದೇನೆ. ಎಂಎಸ್ಸಿ ಓದಿದ ಕಣ್ಣುಗಳಿಂದಲೇ ನೋಡಿದ್ದೇನೆ.

ಆರು ವಾರ ಕಳೆಯಿತು. ಸ್ಕ್ಯಾನ್ ಆಯಿತು. ಹದಿನೇಳು.

ಸರ್ಜನ್ ಕನ್ನಡಕ ತೆಗೆದು ಒರೆಸಿದರು. "ಇನ್ನು ಐದು ವಾರ ನೋಡೋಣ. ಆಗದಿದ್ರೆ ಬೇರೆ ದಾನಿ ಹುಡುಕ್ಬೇಕು. ಇದಾರಾ?" ಇರಲಿಲ್ಲ. ವಂದನಾಳ ರಕ್ತ ಹೊಂದುವುದಿಲ್ಲ, ನಮಗೆ ಮಕ್ಕಳಿಲ್ಲ, ಸೋದರತ್ತೆಗೆ ಎಪ್ಪತ್ತೊಂದು. ಹೆಬ್ಬಾಳದ ಫ್ಲೈಓವರಿನ ಮೇಲೆ ನಲವತ್ತು ನಿಮಿಷ ನಿಂತಲ್ಲೇ ನಿಂತಿದ್ದೆವು. ಆ ನಲವತ್ತು ನಿಮಿಷ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ.

ದಿನಕ್ಕೆ ಐನೂರು ಕ್ಯಾಲೊರಿ ಕೊರತೆ. ನಲವತ್ತೆರಡು ದಿನಕ್ಕೆ ಇಪ್ಪತ್ತೊಂದು ಸಾವಿರ. ಒಂದು ಕೆಜಿ ಕೊಬ್ಬಿಗೆ ಏಳು ಸಾವಿರದ ಏಳುನೂರು ಎಂದು ಹಿಡಿದರೆ ಅಣ್ಣ ಎರಡು ಕೆಜಿ ಏಳುನೂರು ಗ್ರಾಂ ಇಳಿಯಬೇಕಿತ್ತು. ಇಳಿದದ್ದು ಮುನ್ನೂರು ಗ್ರಾಂ. ಅಂದರೆ ದಿನಕ್ಕೆ ನಾನೂರ ನಲವತ್ತು ಕ್ಯಾಲೊರಿ ಎಲ್ಲಿಂದಲೋ ಒಳಗೆ ಸೋರುತ್ತಿದೆ. ದ್ರವ್ಯವಾಗಲಿ ಶಕ್ತಿಯಾಗಲಿ ಶೂನ್ಯದಿಂದ ಹುಟ್ಟುವುದಿಲ್ಲ. ಅಣ್ಣನೆಂಬ ಕಾರಣಕ್ಕೆ ಈ ನಿಯಮದಿಂದ ವಿನಾಯಿತಿ ಇಲ್ಲ.

ನನಗೆ ಹೊಳೆದದ್ದು ಒಂದೇ. ಕಳ್ಳ ಎಲ್ಲೋ ಬೋಂಡಾ ತಿನ್ನುತ್ತಿದ್ದಾನೆ.

"ನಿಮ್ಮಣ್ಣ ಹಾಗೆ ಮಾಡೋರಲ್ಲ ರೀ," ಅಂದಳು ವಂದನಾ. ಆದರೂ ಭಾನುವಾರ ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು, ಗೂಟಕ್ಕೆ ನೇತುಹಾಕಿದ್ದ ಅವನ ಅಂಗಿಯ ಜೇಬಿಗೆ ಕೈಹಾಕಿದೆ. ಕಾರ್ಖಾನೆ ಹತ್ತಿರದ ಯಾವುದಾದರೂ ದರ್ಶಿನಿಯ ಟೋಕನ್ ಸಿಗಬಹುದೆಂದು. ಸಿಕ್ಕಿದ್ದು ಎರಡು ತುಳಸಿ ದಳ. ಹಿಂತಿರುಗಿ ನೋಡಿದರೆ ಅಣ್ಣ ಒದ್ದೆ ತಲೆಯಲ್ಲಿ ನಿಂತಿದ್ದಾನೆ.

"ಏನೋ ಹುಡುಕ್ತಿದೀಯ?"

"ಬೋಂಡಾ," ಅಂದೆ. ಸುಳ್ಳು ಹೇಳಲು ಶಕ್ತಿಯಿರಲಿಲ್ಲ.

ಅವನ ಮುಖ ಸಣ್ಣದಾಯಿತು. ಒಳಗೆ ಹೋಗಿ ನೋಟ್‌ಬುಕ್ ತಂದು ನನ್ನ ಕೈಗೆ ಹಾಕಿದ. "ಒಂದು ಸಾಸಿವೆ ಕಾಳು ಬಿಟ್ಟಿದ್ರೆ ತೋರ್ಸು. ನಿನಗೋಸ್ಕರ ಆರು ವಾರದಿಂದ ಅರೆಹೊಟ್ಟೇಲಿ ಇದೀನಿ ಕಣೋ. ಕ್ಯಾಂಟೀನಲ್ಲಿ ಎಲ್ಲಾರೂ ಮದ್ದೂರು ವಡೆ ತಿಂತಿದ್ರೆ ನಾನು ಸೌತೆಕಾಯಿ ಮೆಲ್ತಾ ಕೂತಿರ್ತೀನಿ. ಬೋಂಡಾ ಅಂತೆ ಬೋಂಡಾ!"

ಆ ನೋಟ್‌ಬುಕ್ಕನ್ನು ಹಿಡಿದು ನಾನೊಬ್ಬನೇ ಬದರುನ್ನೀಸಾ ಬಳಿಗೆ ಹೋದೆ. ಅವರು ಪುಟಗಳನ್ನು ತಿರುವಿ ಹಾಕಿದರು. ನಾಲ್ಕು ದಿನದ ಲೆಕ್ಕವನ್ನು ತಾವೇ ಕೂಡಿ ನೋಡಿದರು. ತಪ್ಪಿಲ್ಲ.

"ಇಷ್ಟು ಚೆನ್ನಾಗಿ ಬರೆಯೋರನ್ನ ನಾನು ನೋಡೇ ಇಲ್ಲ. ಹಬ್ಬಗಳೆಲ್ಲ ಇದರಲ್ಲೇ ಬಂತಲ್ವಾ ಸರ್?"

"ಹೌದು."

"ಕೃಷ್ಣಾಷ್ಟಮಿ, ಗಣೇಶನ ಹಬ್ಬ... ಒಂದು ಉಂಡೇನೂ ಇಲ್ಲ, ಒಂದು ಕಡುಬೂ ಇಲ್ಲ ಇದರಲ್ಲಿ." ಪುಟದ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. "ನಿಮ್ಮನೇಲಿ ಪ್ರಸಾದ ಬರಲ್ವಾ?"

"ಬರುತ್ತೆ. ದಿನಾ ಬರುತ್ತೆ. ಅದು ಪ್ರಸಾದ ಅಲ್ವಾ, ಅದನ್ನ ಹೇಗೆ..."

ಹಯಗ್ರೀವಕ್ಕೆ ಬೀಳುವುದು ಕಡಲೆಬೇಳೆ, ಬೆಲ್ಲ, ತುಪ್ಪ, ಕೊಬ್ಬರಿ, ಗೋಡಂಬಿ. ಒಂದೊಂದರ ದಹನಶಾಖವನ್ನೂ ನಾನು ನಿದ್ದೆಯಲ್ಲಿ ಹೇಳಬಲ್ಲೆ. ಆದರೆ ಪ್ರಸಾದವನ್ನು ತಕ್ಕಡಿಗೆ ಹಾಕಬಾರದೆಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರಸಾದ ತಿನ್ನುವ ವಸ್ತುವಲ್ಲ, ಸ್ವೀಕರಿಸುವ ವಸ್ತು. ಸ್ವೀಕರಿಸಿದ್ದು ಹೊಟ್ಟೆಗೇ ಹೋಗುತ್ತದೆ ಎಂಬ ಅಂಶ ಮೂರು ತಲೆಮಾರಿನಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಸರ್," ಅಂದರು ಬದರುನ್ನೀಸಾ. "ನಮ್ಮಲ್ಲಿ ತಬರ್ರುಕ್ ಅಂತಾರೆ. ದರ್ಗಾದಿಂದ ಬರುತ್ತೆ. ನಮ್ಮಮ್ಮನಿಗೆ ಶುಗರ್ ಮುನ್ನೂರು, ಅದನ್ನ ಮಾತ್ರ ಲೆಕ್ಕಕ್ಕೆ ಹಿಡಿಯಲ್ಲ. ಕೊನೆಗೆ ನಾನು ಒಂದಿನ ಕದ್ದು ತೂಗಿ ನೋಡ್ದೆ. ಅದಕ್ಕೂ ಕ್ಯಾಲೊರಿ ಇದೆ ಸರ್."

ಅಲ್ಲಿಂದ ನೇರವಾಗಿ ಮಠಕ್ಕೆ ಹೋದೆ. ಪ್ರಸಾದ ತೂಗುವ ಧೈರ್ಯ ನನಗೂ ಇರಲಿಲ್ಲ. ಖಾಲಿ ದೊನ್ನೆಯೊಂದು ಸಿಕ್ಕರೆ ಮನೆಗೆ ಒಯ್ದು ಅದರಲ್ಲಿ ನೀರು ತುಂಬಿಸಿ ತೂಗಿ, ಎಷ್ಟು ಹಿಡಿಯುತ್ತದೆಂದು ತಿಳಿಯಬಹುದು. ಶಾಸ್ತ್ರಕ್ಕೂ ಭಂಗವಿಲ್ಲ, ವಿಜ್ಞಾನಕ್ಕೂ ಭಂಗವಿಲ್ಲ. ಅರ್ಚಕರು ಹನ್ನೆರಡರ ಮಂಗಳಾರತಿ ಮುಗಿಸಿ ಜಗಲಿಯಲ್ಲಿ ಕೂತಿದ್ದರು.

"ಖಾಲಿ ದೊನ್ನೆ ಯಾಕಪ್ಪ, ತುಂಬಿದ್ದೇ ತಗೋ," ಅಂದರು. ನನ್ನ ಹಳದಿ ಕಣ್ಣುಗಳನ್ನು ನೋಡಿ ಲೊಚಗುಟ್ಟಿದರು. "ನೀನು ಕೌಸಲ್ಯಾಬಾಯಿಯ ಮೈದುನ ಅಲ್ವಾ? ಎಂಥಾ ಶ್ರದ್ಧೆ ಆ ತಾಯಿದು! ಇವತ್ತಿಗೆ ನಲವತ್ತನಾಲ್ಕು ದಿನ ಆಯ್ತು, ಒಂದು ದಿನ ತಪ್ಪಿಸಿಲ್ಲ. 'ಗಂಡನ ಮೈಗೆ ಚಾಕು ತಾಗದ ಹಾಗೆ ನೋಡ್ಕೊಳ್ಳಿ ರಾಯರೇ' ಅಂತ ಸಂಕಲ್ಪ. ನಾನೇ ಮಾಡಿಸಿದ್ದು. ತ್ರಿವಿಕ್ರಮಾಚಾರ್ಯರ ಹೆಸರು, ನಕ್ಷತ್ರ ಎಲ್ಲ ನನಗೆ ಬಾಯಿಪಾಠ ಆಗ್ಬಿಟ್ಟಿದೆ. ಅವರಿಗೇನು ಆಪರೇಷನ್ನು?"

"ಆಗಬಹುದು ಅಂತಿದಾರೆ," ಅಂದೆ.

"ಆಗಲ್ಲ ಬಿಡು. ರಾಯರು ಕೈಬಿಡಲ್ಲ."

ಮಠದಿಂದ ಮನೆಗೆ ಐದು ನಿಮಿಷದ ದಾರಿ. ಅಂದು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ನಲವತ್ತನಾಲ್ಕು ದಿನದ ಆ ಬೇಡಿಕೆಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಪ್ರಾರ್ಥನೆ ಮಾತ್ರ ಬಹಳ ಸಮರ್ಪಕವಾಗಿ ಫಲಿಸುತ್ತಿತ್ತು. ದೇವರು ದಿನಕ್ಕೆ ನಾನೂರ ನಲವತ್ತು ಕ್ಯಾಲೊರಿಯಂತೆ ಕಂತಿನಲ್ಲಿ ಅನುಗ್ರಹಿಸುತ್ತಿದ್ದ.

ಕೆಳಗಿನ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಸಿರು ಚೀಟಿಯ ತಕ್ಕಡಿಯ ಮೇಲೆ ಮಠದಿಂದ ತಂದ ಖಾಲಿ ದೊನ್ನೆಯಿಟ್ಟು ನೀರು ತುಂಬಿದೆ. ನೂರ ಇಪ್ಪತ್ತೆಂಟು. ಹಯಗ್ರೀವ ನೀರಿಗಿಂತ ತುಸು ಭಾರ. ನನ್ನ, ವಂದನಾಳ ಚಮಚ ಕಳೆದರೂ ಲೆಕ್ಕ ಹೆಚ್ಚುಕಡಿಮೆ ಕೂತುಬಿಡುತ್ತದೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ನನ್ನ ಲ್ಯಾಬಿನಲ್ಲಿ ಯಾವ ಪ್ರಯೋಗವೂ ಇಷ್ಟು ಚೆನ್ನಾಗಿ ಬಂದದ್ದಿಲ್ಲ.

"ಏನೋ ತೂಗ್ತಿದೀಯ?" ಅತ್ತಿಗೆ ಹಿತ್ತಿಲಿನಿಂದ ಕರಿಬೇವು ಹಿಡಿದುಕೊಂಡು ಬಂದರು.

"ನೀರು ಅತ್ತಿಗೆ."

"ನೀರಿಗೆಷ್ಟು ಕ್ಯಾಲೊರಿ?"

"ಸೊನ್ನೆ. ಅದರ ಜಾಗದಲ್ಲಿ ಹಯಗ್ರೀವ ಇದ್ರೆ ನಾನೂರ ನಲವತ್ತು."

ಅವರು ಕರಿಬೇವನ್ನು ಕಟ್ಟೆಯ ಮೇಲಿಟ್ಟು, ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. "ಯಾರು ಹೇಳಿದ್ರು?"

"ಕ್ಯಾಲೊರಿ ವಿಷಯ ಬದರುನ್ನೀಸಾ. ಚಾಕು ವಿಷಯ ಅರ್ಚಕರು."

ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ.

"ನಾನೇನು ವಿಷ ಹಾಕಿದ್ನಾ? ದೇವರ ಪ್ರಸಾದ ಕೊಟ್ಟೆ. ಆವತ್ತು ಆಸ್ಪತ್ರೇಲಿ ನಿಮ್ಮನ್ನೆಲ್ಲ ಆಚೆ ಕಳಿಸಿ ಆ ಕೌನ್ಸೆಲರ್ ಹುಡುಗಿ ನಮ್ಮಿಬ್ಬರಿಗೇ ಹೇಳಿದ್ಲು. 'ಮನಸ್ಸಿಲ್ಲ ಅಂದ್ರೆ ಈಗ್ಲೇ ಹೇಳಿ ಸರ್, ದೇಹ ಒಗ್ಗಲಿಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ, ನಿಮ್ಮ ಹೆಸರು ಕೆಡಲ್ಲ' ಅಂತ. ಇವರು ಎದೆ ತಟ್ಕೊಂಡ್ರು. ರಾತ್ರಿ ಪಕ್ಕದಲ್ಲಿ ಮಲಗಿ ನಡುಗೋದು ಯಾರಿಗೆ ಕಾಣುತ್ತೆ? ನನಗೆ ಕಾಣುತ್ತೆ. ಸರಿ, ದೇಹ ಒಗ್ಗದ ಹಾಗೆ ನಾನೇ ಮಾಡ್ತೀನಿ ಅಂದ್ಕೊಂಡೆ."

"ಅತ್ತಿಗೆ, ದಾನಿಗೆ ಅಪಾಯ ಆಗೋದು ಸಾವಿರದಲ್ಲಿ ಇಬ್ಬರಿಗೋ ಐದು ಜನಕ್ಕೋ ಅಷ್ಟೆ."

"ಆ ಐದು ಜನರ ಹೆಂಡ್ತಿಯರ ಹತ್ರ ಹೋಗಿ ಹೇಳು ಆ 'ಅಷ್ಟೆ'ನ." ಎಲೆ ಬಿಡಿಸುವ ಕೈ ನಿಲ್ಲಲಿಲ್ಲ. "ನನಗೆ ಸಾವಿರ ಜನ ಗಂಡಂದಿರಿಲ್ಲ ಪ್ರದ್ಯುಮ್ನ."

ಇಂಥ ಸಂದರ್ಭದಲ್ಲಿ ಹೇಳಬೇಕಾದ ವಾಕ್ಯವೊಂದಿದೆ. ಹಾಗಾದರೆ ಬೇಡ ಬಿಡಿ ಅತ್ತಿಗೆ, ನನ್ನ ಹಣೆಬರಹ. ನನ್ನ ನಾಲಿಗೆಯ ತುದಿಯವರೆಗೆ ಅದು ಬಂತು, ಬಹಳ ಚೆನ್ನಾಗಿಯೂ ಇತ್ತು. ನಾನು ಅದನ್ನು ಹೇಳಲಿಲ್ಲ. ಹೇಳಿದರೆ ಅವರು ಒಪ್ಪಿಕೊಂಡುಬಿಟ್ಟಾರೆಂದು ಹೆದರಿ ಬಾಯಿ ಬಿಗಿಹಿಡಿದು ನಿಂತೆ.

ಅಣ್ಣ ಬಾಗಿಲಲ್ಲಿ ಬಂದು ನಿಂತದ್ದು ಆಗ. ತಾರಸಿಯಿಂದ ಇಳಿದು ಬಂದಿದ್ದ. ಮೈಯೆಲ್ಲ ಬೆವರು, ಹೆಗಲ ಮೇಲೆ ಅಕ್ಕಿ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಸಂಕಲ್ಪದ ವಿಷಯ ಗೊತ್ತಿರ್ಲಿಲ್ಲ," ಅಂದ. "ಹಯಗ್ರೀವದ್ದು ಗೊತ್ತಿತ್ತು."

"ಏನು?"

"ಮೂರನೇ ವಾರ ತೂಕ ಇಳೀದೇ ಇದ್ದಾಗ್ಲೇ ಗೊತ್ತಾಯ್ತು. ಇಪ್ಪತ್ತಾರು ವರ್ಷದಿಂದ ಇನ್ನೇನು ಮಾಡ್ತಿದೀನಿ ನಾನು? ದೋಷ ಎಲ್ಲಿಂದ ಬರ್ತಿದೆ ಅಂತ ಹುಡುಕೋದೇ ತಾನೇ ಕೆಲಸ."

"ಮತ್ತೆ ಯಾಕೆ ತಿಂದೆ?"

"ಪ್ರಸಾದ ಬೇಡ ಅನ್ನೋಕಾಗುತ್ತೇನೋ?" ಚೀಲವನ್ನು ಇಳಿಸಿ ಅದರ ಮೇಲೆಯೇ ಕೂತ. "ನಿನಗೂ ಬೇಡ ಅನ್ನೋಕಾಗ್ತಿರ್ಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಮೂರು ಗ್ರಾಂ ಅನ್ನವನ್ನು ಕಾಗೆಗೆ ಇಟ್ಟು, ನನ್ನ ಮುಂದೆ ನೋಟ್‌ಬುಕ್ಕನ್ನು ಕುಕ್ಕಿದವನು ಇವನೇ. ಆದರೆ ಆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ವಿಷಯ ಚುಚ್ಚುತ್ತಿತ್ತು. ಈ ಒಂದೂವರೆ ತಿಂಗಳಲ್ಲಿ ನಾನು ಅವನ ಅನ್ನ ಎಣಿಸಿದ್ದೆ, ಜೇಬು ತಡಕಿದ್ದೆ, ತೂಕದ ಗ್ರಾಫ್ ಬರೆದಿದ್ದೆ. ಕೊಡುತ್ತೀಯಾ ಎಂದು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಅವನು ಎಂಟು ಮಂದಿಯ ಎದುರು ಘೋಷಿಸಿದ, ನಾನು ಅದನ್ನು ನನ್ನ ಹಕ್ಕೆಂಬಂತೆ ಎತ್ತಿಕೊಂಡೆ.

"ಅಣ್ಣ, ನನಗೆ ಬದುಕಬೇಕು," ಅಂದೆ. "ಕೊಡ್ತೀಯಾ?"

ಅವನು ಅತ್ತಿಗೆಯ ಕಡೆ ನೋಡಿದ.

"ನನ್ನ ಮುಖ ನೋಡ್ಬೇಡಿ. ನನ್ನ ಕೇಳಿದ್ರೆ ಬೇಡ ಅಂತೀನಿ," ಅಂದರು ಅವರು.

"ಭಯ ಆಗುತ್ತೆ ಕಣೋ ಪ್ರದ್ಯು," ಅಂದ ಅಣ್ಣ. "ಮತ್ತಿನ ಇಂಜೆಕ್ಷನ್ ಕೊಟ್ಮೇಲೆ ಎಚ್ಚರಾನೇ ಆಗದಿದ್ರೆ ಅಂತ. ದಿನಾ ಅದೇ." ಈ ಸಲ ಅವನ ಕೈ ಎದೆಯ ಮೇಲಿರಲಿಲ್ಲ, ಬೆವರು ಒರೆಸುವ ಟವಲಿನಲ್ಲಿ ಸುತ್ತಿಕೊಂಡಿತ್ತು. "ಕೊಡ್ತೀನಿ. ಭಯದಲ್ಲೇ ಕೊಡ್ತೀನಿ. ನೀನು ಧೈರ್ಯ ಗೀರ್ಯ ಅಂತ ಭಾಷಣ ಮಾಡ್ಬೇಡ ಅಷ್ಟೆ."

ಒಲೆಯ ಮೇಲಿದ್ದ ಕುಕ್ಕರ್ ಒಮ್ಮೆ ಕೂಗಿತು. ಅತ್ತಿಗೆ ಎಣಿಸಿದರು. ಎರಡನೆಯದು, ಮೂರನೆಯದು. ಒಲೆ ಆರಿಸಿ ನಮ್ಮ ಕಡೆ ತಿರುಗಿದರು.

"ನಾಳೆಯಿಂದ ಇವರಿಗೆ ಒಂದು ಅಗುಳು. ಒಂದು ಅಗುಳೂ ಪ್ರಸಾದಾನೇ, ಇಡೀ ದೊನ್ನೇನೂ ಪ್ರಸಾದಾನೇ. ಉಳಿದಿದ್ದು ನೀನು ತಿನ್ನು, ನಿನಗೆ ತಿನ್ನು ಅಂತ ತಾನೇ ಹೇಳಿರೋದು. ನಿನಗೆ ಸೇರದಿದ್ರೆ ಸೊಣ್ಣಮ್ಮನಿಗೆ ಕೊಡ್ತೀನಿ. ಆದ್ರೆ ಸಂಕಲ್ಪ ಬದಲಾಯಿಸಲ್ಲ."

"ಅದೆಂಥದೇ ಅದು," ಅಂದ ಅಣ್ಣ, "ಈ ಕಡೆ ಆಪರೇಷನ್‌ಗೆ ತಯಾರಿ ಮಾಡೋದು, ಆ ಕಡೆ ಆಗಬಾರದು ಅಂತ ಬೇಡ್ಕೊಳೋದು?"

"ರಾಯರ ಹತ್ರ ಏನು ಬೇಡ್ಕೊಳ್ಳೋದು ಅನ್ನೋದು ನನ್ನಿಷ್ಟ. ಕೇಳೋದು ಬಿಡೋದು ಅವರಿಷ್ಟ. ನಡುವೆ ನಾನು ಇನ್ಮೇಲೆ ಹಯಗ್ರೀವ ಅಡ್ಡ ತರಲ್ಲ, ಅಷ್ಟೆ."

ಮಾತಿಗೆ ತಪ್ಪಲಿಲ್ಲ. ಮೊದಲ ಮಂಡಲ ಮುಗಿದ ಮಾರನೆಯ ದಿನವೇ ಎರಡನೆಯದನ್ನು ಹಿಡಿದರು. ಅದೇ ಮಂಡಿ, ಅದೇ ಸಂಕಲ್ಪ. ಮಠದಿಂದ ಬಂದು ಅಣ್ಣನ ಅಂಗೈಗೆ ಒಂದು ಅಗುಳನ್ನು ಹಾಕುವಾಗ ಅವರ ಮುಖದಲ್ಲಿ ಒಂಥರಾ ಕಠೋರ ನಿಷ್ಠೆ ಇರುತ್ತಿತ್ತು. ಎದುರಾಳಿಯ ವಕೀಲರಿಗೆ ತಾವೇ ಕಡತ ಹುಡುಕಿಕೊಡುವವರ ಹಾಗೆ. ದ್ವಿದಳ ವ್ರತ ಬಂದು ಬೇಳೆ ನಿಂತಾಗ ತಾವೇ ಬದರುನ್ನೀಸಾಗೆ ಫೋನ್ ಮಾಡಿ, ಪ್ರೋಟೀನಿಗೆ ಎಷ್ಟು ಮೊಸರು ಕಟ್ಟಿ ನೀರು ಬಸಿಯಬೇಕೆಂದು ಕೇಳಿ ಬರೆದುಕೊಂಡರು. ನೋಟ್‌ಬುಕ್ಕಿನಲ್ಲಿ ಆರನೆಯ ಕಾಲಂ ಬಂತು, 'ಪ್ರಸಾದ'. ಅದರ ಕೆಳಗೆ ದಿನವೂ 'ಅಗುಳು ೧'. ಐದು ವಾರಕ್ಕೆ ಅಣ್ಣ ಎರಡು ಕೆಜಿ ಮುನ್ನೂರು ಗ್ರಾಂ ಇಳಿದ. ಅಕ್ಕಿ ಚೀಲ ಹತ್ತರಿಂದ ಇಪ್ಪತ್ತೈದು ಕೆಜಿಗೆ ಏರಿತು. ನಾನು ಒಂದು ಕೆಜಿ ಹೆಚ್ಚಿದೆ. ಸೊಣ್ಣಮ್ಮ ಎಷ್ಟು ಹೆಚ್ಚಿದರೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಸ್ಕ್ಯಾನ್ ಆದ ದಿನ ನಾವು ನಾಲ್ಕು ಜನ ಅದೇ ಮೂರನೆಯ ಮಹಡಿಯ ಕುರ್ಚಿಗಳಲ್ಲಿ ಕೂತಿದ್ದೆವು. ಬದರುನ್ನೀಸಾ ಕೈಯಲ್ಲಿ ವರದಿ ಹಿಡಿದು ಬಂದರು. ಅಣ್ಣ ಕೈ ಚಾಚಿದ. ಅದಕ್ಕೆ ಮೊದಲೇ ಅತ್ತಿಗೆ ತೆಗೆದುಕೊಂಡರು. ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಾಡಿಸುತ್ತಾ ಓದಿದರು. ಎಂಟು.

ವಂದನಾ ನನ್ನ ತೋಳನ್ನು ಹಿಂಡಿದಳು. ಅತ್ತಿಗೆ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ಕೇಳಲಿಲ್ಲ ನೋಡು," ಅಂದರು. ಯಾರಿಗೆ ಅಂದರೋ ತಿಳಿಯಲಿಲ್ಲ. ಆಮೇಲೆ ಕಾಗದವನ್ನು ನಾಲ್ಕಾಗಿ ಮಡಚಿ ಅಣ್ಣನಿಗೆ ಕೊಟ್ಟು, ಬದರುನ್ನೀಸಾ ಕಡೆ ತಿರುಗಿದರು.

"ಆಪರೇಷನ್ ಆದ್ಮೇಲೆ ಇವರಿಗೆ ಮೊದಲು ಬಾಯಿಗೆ ಏನು ಕೊಡ್ಬೇಕು?"

"ಮೊದಲು ಬರೀ ನೀರು ಮೇಡಂ, ಒಂದೆರಡು ಗುಟುಕು. ಆಮೇಲೆ ತೆಳು ಗಂಜಿ."

"ಇವನಿಗೆ?" ನನ್ನ ಕಡೆ ಗದ್ದ ತೋರಿಸಿದರು.

"ಪ್ರದ್ಯುಮ್ನ ಸರ್‌ಗೂ ಗಂಜೀನೇ. ಉಪ್ಪು ಕಮ್ಮಿ."

"ಹಾಗಾದ್ರೆ ಒಂದೇ ಪಾತ್ರೇಲಿ ಮಾಡಿ ತರ್ತೀನಿ."

"ಹೊರಗಿನ ಊಟ ಐಸಿಯು ಒಳಗೆ ಬಿಡಲ್ಲ ಮೇಡಂ."

"ಬಿಡ್ತಾರೆ," ಅಂದರು ಅತ್ತಿಗೆ.